34 ಡಾಲರ್‌ಗೆ ಸಿಗದ ಭಾಗ

2020ರ ಏಪ್ರಿಲ್‌ನಲ್ಲಿ, ಲಾಕ್‌ಡೌನಿನ ನಡುವೆ, ‘ಮಿತ್ರೋಂ’ ಎಂಬ ಆ್ಯಪ್ ಬಂತು. ನೋಡಲು ಟಿಕ್‌ಟಾಕ್‌ನ ತದ್ರೂಪ. ಬೆರಳು ಮೇಲಕ್ಕೆ ಸರಿಸಿದರೆ ಮುಂದಿನ ವಿಡಿಯೊ, ಬಲಬದಿಗೆ ಹೃದಯದ ಗುರುತು, ಕೆಳಗೆ ಹಾಡಿನ ಹೆಸರು. ಕೆಲವೇ ವಾರಗಳಲ್ಲಿ 50 ಲಕ್ಷ ಡೌನ್‌ಲೋಡ್ ಆಯಿತು. ದೇಶಿ ಆ್ಯಪ್ ಎಂದು ಜನ ಹೆಮ್ಮೆಯಿಂದ ವಾಟ್ಸ್‌ಆ್ಯಪ್‌ನಲ್ಲಿ ಹಂಚುತ್ತಿದ್ದಾಗಲೇ ಪಾಕಿಸ್ತಾನದ ಕ್ಯೂಬಾಕ್ಸಸ್ ಎಂಬ ಸಾಫ್ಟ್‌ವೇರ್ ಕಂಪನಿ ಬಾಯಿಬಿಟ್ಟಿತು. ಆ ಆ್ಯಪಿನ ಕೋಡ್ ತನ್ನದು, 34 ಡಾಲರ್‌ಗೆ ಮಾರಿದ್ದು ಎಂದಿತು. ಆಗಿನ ಲೆಕ್ಕಕ್ಕೆ ಸುಮಾರು 2,600 ರೂಪಾಯಿ.

ಜನ ನಕ್ಕದ್ದು ದೇಶಿ ಎಂಬ ಹೆಮ್ಮೆಯ ಪಾಡು ನೋಡಿ. ನನ್ನ ಕಣ್ಣು ಹೋದದ್ದು ಬೆಲೆಯ ಮೇಲೆ. ನಾವು ‘ಆ್ಯಪ್’ ಎಂದು ಕರೆಯುವ, ಪರದೆಯ ಮೇಲೆ ಕಾಣುವ ಅಷ್ಟೂ ಭಾಗಕ್ಕೆ ಒಂದು ಸಾಧಾರಣ ಜೊತೆ ಶೂಗಳ ಬೆಲೆ. ಹಾಗಾದರೆ ಟಿಕ್‌ಟಾಕ್‌ನಂಥ ಕಂಪನಿಯ ಲಕ್ಷಾಂತರ ಕೋಟಿ ರೂಪಾಯಿಯ ಮೌಲ್ಯ ಇರುವುದು ಎಲ್ಲಿ? ಒಂದು ವೇದಿಕೆ ಮುಚ್ಚಿದಾಗಲೋ ಬೇಸರವಾದಾಗಲೋ ಬೇರೆಯದನ್ನು ಹುಡುಕುವವರು, ವಿಡಿಯೊ ಮಾಡುವವರಾಗಲಿ ನೋಡುವವರಾಗಲಿ, ಸಾಮಾನ್ಯವಾಗಿ ಹೋಲಿಸಿ ನೋಡುವುದು ಆ 34 ಡಾಲರಿನ ಭಾಗವನ್ನೇ. ಫಿಲ್ಟರ್ ಎಷ್ಟಿವೆ, ಎಡಿಟಿಂಗ್ ಸುಲಭವೇ, ಎಷ್ಟು ನಿಮಿಷದ ವಿಡಿಯೊ ಹಾಕಬಹುದು ಎಂದು ಕೇಳುತ್ತಾರೆ. ಕೇಳಬೇಕಾದ ಪ್ರಶ್ನೆಗಳು ಪರದೆಯ ಹಿಂದಿವೆ.

ನಮ್ಮ ದೇಶದಲ್ಲಿ ಇದರ ದೊಡ್ಡ ಪ್ರಯೋಗವೊಂದು ತಾನಾಗಿಯೇ ನಡೆದುಹೋಯಿತು. ಗಲ್ವಾನ್ ಘರ್ಷಣೆಯಾಗಿ ಎರಡು ವಾರಕ್ಕೆ, 2020ರ ಜೂನ್ 29ರಂದು, ಕೇಂದ್ರ ಸರ್ಕಾರ ಟಿಕ್‌ಟಾಕ್ ಸೇರಿ 59 ಚೀನೀ ಆ್ಯಪ್‌ಗಳನ್ನು ನಿಷೇಧಿಸಿತು. ಸುಮಾರು 20 ಕೋಟಿ ಬಳಕೆದಾರರಿದ್ದ ಜಾಗ ಒಮ್ಮೆಲೇ ಖಾಲಿ. ಆ ಜಾಗ ತುಂಬಲು ಓಡಿ ಬಂದವರಲ್ಲಿ ಹೆಚ್ಚಿನವರು ಬೆಂಗಳೂರಿನವರು. ಶೇರ್‌ಚಾಟ್ ಕಂಪನಿ ದಿನಗಳಲ್ಲೇ ‘ಮೋಜ್’ ತಂದಿತು. ಡೈಲಿಹಂಟ್ ನಡೆಸುವ ವರ್ಸ್ ಕಂಪನಿಯ ‘ಜೋಶ್’ ಬಂತು. ಚಿಂಗಾರಿ, ರೊಪೋಸೋ ಮೊದಲೇ ಇದ್ದವು, ಈಗ ಚೇತರಿಸಿಕೊಂಡವು. ಎಲ್ಲವೂ ಭಾರತೀಯ ಭಾಷೆಗಳನ್ನೇ ನೆಚ್ಚಿಕೊಂಡಿದ್ದವು. ಕನ್ನಡವೂ ಮುಂಬಾಗಿಲಲ್ಲೇ ಇತ್ತು. ಅತ್ತ ಇನ್‌ಸ್ಟಾಗ್ರಾಂ ಜುಲೈ 8ರಂದು ಭಾರತದಲ್ಲಿ ರೀಲ್ಸ್ ಶುರು ಮಾಡಿತು. ಯೂಟ್ಯೂಬ್ ತನ್ನ ಶಾರ್ಟ್ಸ್‌ನ ಮೊದಲ ಪ್ರಯೋಗಕ್ಕೆ ಸೆಪ್ಟೆಂಬರ್‌ನಲ್ಲಿ ಭಾರತವನ್ನೇ ಆರಿಸಿಕೊಂಡಿತು.

ಆ ಓಟದಲ್ಲಿ ಯಾರು ಮುಂದೆ ಬಂದರು ಎಂದು ಹೇಳಬೇಕಿಲ್ಲ. ಬಸ್ಸಿನಲ್ಲಿ ಪಕ್ಕದವರ ಮೊಬೈಲ್ ನೋಡಿದರೆ ಸಾಕು. ದೇಶಿ ಕಂಪನಿಗಳ ಹತ್ತಿರ ಹಣವಿರಲಿಲ್ಲ ಎಂದಲ್ಲ, ಎಂಜಿನಿಯರುಗಳು ಇರಲಿಲ್ಲ ಎಂದೂ ಅಲ್ಲ. ಹೊಸ ಸಂತೆ ಕೂಡಿಸುವವನ ಕಷ್ಟ ಅವರದಾಗಿತ್ತು: ಕೊಳ್ಳುವವರಿಲ್ಲದ ಕಡೆ ಮಾರುವವರು ಬರುವುದಿಲ್ಲ, ಮಾರುವವರಿಲ್ಲದ ಕಡೆ ಕೊಳ್ಳುವವರು ಬರುವುದಿಲ್ಲ, ಹತ್ತಿರದಲ್ಲೇ ಹಳೆಯ ಸಂತೆ ಇದ್ದರಂತೂ ಕೇಳುವುದೇ ಬೇಡ. ಅರ್ಥಶಾಸ್ತ್ರಜ್ಞರಾದ ಜ್ಯಾಂ-ಶಾರ್ಲ್ ರೋಶೆ ಮತ್ತು ಜ್ಯಾಂ ತಿರೋಲ್ ಇಂಥ ಎರಡು ಬದಿಯ ಮಾರುಕಟ್ಟೆಗಳ ಗಣಿತವನ್ನು 2003ರಲ್ಲಿ ಬರೆದರು. ತಿರೋಲ್ ಅವರಿಗೆ 2014ರಲ್ಲಿ ನೊಬೆಲ್ ಬಂತು. ರೀಲ್ಸ್‌ಗೂ ಶಾರ್ಟ್ಸ್‌ಗೂ ಈ ತೊಡಕು ಇರಲಿಲ್ಲ. ಜನ ಆಗಲೇ ಅಲ್ಲಿದ್ದರು, ಅವರಿಗೆ ಏನು ಇಷ್ಟ ಎಂಬುದರ ವರ್ಷಗಟ್ಟಲೆಯ ದಾಖಲೆಯೂ ಇತ್ತು.

ಆ ದಾಖಲೆಯನ್ನು ಯಂತ್ರ ಹೇಗೆ ಬಳಸುತ್ತದೆ ಎಂಬುದು ಈ ಕಥೆಯ ತಿರುಳು.

ಶಿಫಾರಸು ವ್ಯವಸ್ಥೆಯ ಒಳಗೆ ಪ್ರತಿ ನೋಡುಗನಿಗೂ ಪ್ರತಿ ವಿಡಿಯೊಗೂ ಒಂದೊಂದು ಸಂಖ್ಯೆಗಳ ಸಾಲು ಇರುತ್ತದೆ. ಹತ್ತಾರು, ಕೆಲವೊಮ್ಮೆ ನೂರಾರು ಸಂಖ್ಯೆಗಳು. ಶುರುವಿನಲ್ಲಿ ಅವಕ್ಕೆ ಯಾವ ಅರ್ಥವೂ ಇಲ್ಲ. ನೀವು ಒಂದು ವಿಡಿಯೊವನ್ನು ಕೊನೆಯವರೆಗೆ ನೋಡಿದರೆ ನಿಮ್ಮ ಸಾಲು ಮತ್ತು ಅದರ ಸಾಲು ಒಂದಿಷ್ಟು ಹತ್ತಿರ ಸರಿಯುತ್ತವೆ; ಎರಡನೇ ಸೆಕೆಂಡಿಗೇ ತಳ್ಳಿಬಿಟ್ಟರೆ ದೂರ ಸರಿಯುತ್ತವೆ. ಕೋಟಿಗಟ್ಟಲೆ ಸಲ ಹೀಗಾದ ಮೇಲೆ ಕುಂದಾಪ್ರ ಕನ್ನಡದ ತಮಾಷೆಯ ವಿಡಿಯೊಗಳೆಲ್ಲ ಆ ಸಂಖ್ಯೆಗಳ ಲೋಕದ ಒಂದು ಮೂಲೆಯಲ್ಲಿ ಗುಂಪಾಗಿ ನಿಂತಿರುತ್ತವೆ. ಕುಂದಾಪುರ ಎಲ್ಲಿದೆ ಎಂದು ಯಂತ್ರಕ್ಕೆ ಯಾರೂ ಹೇಳಿಕೊಟ್ಟಿಲ್ಲ. ಆದರೂ ದುಬೈಯಲ್ಲಿ ಹೋಟೆಲ್ ನಡೆಸುವ ಬೈಂದೂರಿನವರ ಫೀಡಿಗೆ ಅದು ಆ ವಿಡಿಯೊವನ್ನು ತಂದು ಹಾಕುತ್ತದೆ. ಅವರ ಸಂಖ್ಯೆಗಳ ಸಾಲು ಆ ಮೂಲೆಗೆ ಹತ್ತಿರವಿದೆ, ಅಷ್ಟೇ ಕಾರಣ.

ಯೂಟ್ಯೂಬ್‌ನ ಎಂಜಿನಿಯರುಗಳು 2016ರಲ್ಲಿ ಪ್ರಕಟಿಸಿದ ಪ್ರಬಂಧವೊಂದು ಈ ಕೆಲಸ ಎರಡು ಹಂತದಲ್ಲಿ ನಡೆಯುವುದನ್ನು ವಿವರಿಸಿತ್ತು. ಮೊದಲ ಹಂತದಲ್ಲಿ ಲಕ್ಷಾಂತರ ವಿಡಿಯೊಗಳಿಂದ ಕೆಲವು ನೂರನ್ನು ಒರಟಾಗಿ ಆರಿಸುವುದು, ಎರಡನೆಯದರಲ್ಲಿ ಆ ನೂರನ್ನು ನಾಜೂಕಾಗಿ ತೂಗಿ ಸಾಲಿನಲ್ಲಿ ನಿಲ್ಲಿಸುವುದು. ಕಿರು ವಿಡಿಯೊ ಇದಕ್ಕೆ ತಂದುಕೊಟ್ಟ ದೊಡ್ಡ ಲಾಭ ವೇಗ. 2006ರಲ್ಲಿ ನೆಟ್‌ಫ್ಲಿಕ್ಸ್ ತನ್ನ ಶಿಫಾರಸು ಶೇ 10ರಷ್ಟು ಉತ್ತಮಪಡಿಸಿದವರಿಗೆ 10 ಲಕ್ಷ ಡಾಲರ್ ಬಹುಮಾನ ಸಾರಿತ್ತು. ಅದನ್ನು ಗೆಲ್ಲಲು ತಂಡಗಳಿಗೆ 2009ರವರೆಗೆ ಹಿಡಿಯಿತು. ಅವರ ಕೈಲಿದ್ದ ಸಾಮಗ್ರಿ ಜನ ಕೊಟ್ಟ ನಕ್ಷತ್ರಗಳು. ಎರಡು ಗಂಟೆಯ ಸಿನಿಮಾ ನೋಡಿದವನು ಕೊಡುವುದು ಒಂದೇ ತೀರ್ಪು, ಅದೂ ಮನಸ್ಸಿದ್ದರೆ. 15 ಸೆಕೆಂಡಿನ ವಿಡಿಯೊಗಳನ್ನು ಗಂಟೆ ಹೊತ್ತು ನೋಡಿದವನು ತನಗೇ ಗೊತ್ತಿಲ್ಲದೆ 240 ತೀರ್ಪು ಕೊಟ್ಟಿರುತ್ತಾನೆ. ಟಿಕ್‌ಟಾಕ್‌ನ ಮಾತೃಸಂಸ್ಥೆ ಬೈಟ್‌ಡಾನ್ಸ್ 2022ರಲ್ಲಿ ‘ಮೊನೊಲಿತ್’ ಎಂಬ ತನ್ನ ವ್ಯವಸ್ಥೆಯ ಬಗ್ಗೆ ಪ್ರಬಂಧ ಪ್ರಕಟಿಸಿತು. ಅದರ ಮುಖ್ಯ ವಾದವೇ ಇದು: ರಾತ್ರಿ ಕೂತು ಕಲಿತು ಬೆಳಗ್ಗೆ ಬಡಿಸುವ ಯಂತ್ರ ಸಾಲದು, ಜನ ಬೆರಳಾಡಿಸುತ್ತಿರುವಾಗಲೇ, ನಿಮಿಷಗಳ ಅಂತರದಲ್ಲಿ, ಅದು ತಿದ್ದಿಕೊಳ್ಳುತ್ತಿರಬೇಕು. 2020ರ ಆಗಸ್ಟ್‌ನಲ್ಲಿ ಚೀನಾ ಸರ್ಕಾರ ರಫ್ತಿಗೆ ಅನುಮತಿ ಬೇಕಾದ ತಂತ್ರಜ್ಞಾನಗಳ ಪಟ್ಟಿಗೆ ಬಳಕೆದಾರರ ಅಭಿರುಚಿ ಆಧರಿಸಿದ ಶಿಫಾರಸು ತಂತ್ರವನ್ನೂ ಸೇರಿಸಿತು. ಕುಣಿತದ ವಿಡಿಯೊ ತೋರಿಸುವ ಲೆಕ್ಕಾಚಾರವೂ ದೇಶದ ಆಸ್ತಿಯಾಯಿತು.

ಹೀಗಿರುವಾಗ ಹೊಸ ವೇದಿಕೆಗೆ ಹೋದವರ ಮೊದಲ ಅನುಭವ ನೀರಸವಾಗಿರುವುದು ಸಹಜ. ಯಂತ್ರಕ್ಕೆ ನಿಮ್ಮ ಪರಿಚಯವಿಲ್ಲ. ವಿಡಿಯೊ ಹಾಕುವವರ ಪರಿಚಯವೂ ಇಲ್ಲ. ಅಪರಿಚಿತ ವಿಡಿಯೊವನ್ನು ಯಾರಿಗಾದರೂ ತೋರಿಸಿಯೇ ತಿಳಿಯಬೇಕು. ಆದರೆ ಹಾಗೆ ತೋರಿಸಿದ ಪ್ರತಿ ಸಲವೂ ನೋಡುಗ ಬೇಸತ್ತು ಆ್ಯಪ್ ಮುಚ್ಚುವ ಅಪಾಯವಿದೆ. ಗೊತ್ತಿರುವ ಒಳ್ಳೆಯದನ್ನೇ ಬಡಿಸುವುದೋ, ಗೊತ್ತಿಲ್ಲದ್ದನ್ನು ಪರೀಕ್ಷಿಸುವುದೋ? ಗಣಿತಜ್ಞರಿಗೆ ಇದು ಹಳೆಯ ಪ್ರಶ್ನೆ. 1933ರಲ್ಲಿ ವಿಲಿಯಂ ಥಾಂಪ್ಸನ್ ಇದನ್ನು ಎತ್ತಿದ್ದು ಔಷಧಿಗಳ ಸಂದರ್ಭದಲ್ಲಿ: ಎರಡು ಚಿಕಿತ್ಸೆಗಳಲ್ಲಿ ಯಾವುದು ಮೇಲೆಂದು ಖಚಿತವಿಲ್ಲದಿರುವಾಗ ಮುಂದಿನ ರೋಗಿಗೆ ಯಾವುದನ್ನು ಕೊಡಬೇಕು? ಅವರು ಸೂಚಿಸಿದ ಉಪಾಯದ ಮರಿಮಕ್ಕಳು ಇವತ್ತಿನ ಅನೇಕ ಶಿಫಾರಸು ಯಂತ್ರಗಳೊಳಗೆ ಇವೆ.

ವಿಡಿಯೊ ಮಾಡುವವರು ವೇದಿಕೆಯನ್ನು ಅಳೆಯಬೇಕಾದ್ದು ಇಲ್ಲಿ: ಹೊಸಬರ ವಿಡಿಯೊಗೆ ಅದು ಎಷ್ಟು ಪರೀಕ್ಷಾ ನೋಟಗಳನ್ನು ಕೊಡುತ್ತದೆ? ಒಂದು ಲೆಕ್ಕ ಹಾಕೋಣ. ನಿಮ್ಮ ವಿಡಿಯೊವನ್ನು 200 ಜನರಿಗೆ ತೋರಿಸಿದ್ದಾರೆ, 40 ಜನ ಪೂರ್ತಿ ನೋಡಿದ್ದಾರೆ, ಅಂದರೆ ಶೇ 20. ಸಂಖ್ಯಾಶಾಸ್ತ್ರದ ಪ್ರಕಾರ ಅದರ ನಿಜವಾದ ಮಟ್ಟ ಶೇ 14.5ರಿಂದ 25.5ರವರೆಗೆ ಎಲ್ಲಿ ಬೇಕಾದರೂ ಇರಬಹುದು. ತೋರಿಸಿದ್ದು 20 ಜನರಿಗಾದರೆ ಆ ಅಂತರ ಶೇ 2ರಿಂದ 38ರವರೆಗೆ ಹಿಗ್ಗುತ್ತದೆ. ಅಷ್ಟರಲ್ಲಿ ಒಳ್ಳೆಯ ವಿಡಿಯೊ ಯಾವುದು, ಕೆಟ್ಟದ್ದು ಯಾವುದು ಎಂದು ಯಂತ್ರಕ್ಕೂ ಗೊತ್ತಾಗದು, ನಿಮಗೂ ಗೊತ್ತಾಗದು. ‘ಹೊಸ ಆ್ಯಪಿನಲ್ಲಿ ಎರಡು ವಿಡಿಯೊ ಹಾಕಿದೆ, ಓಡಲಿಲ್ಲ, ಬಿಟ್ಟೆ’ ಎನ್ನುವವರು ನಾಣ್ಯವನ್ನು ಎರಡು ಸಲ ಚಿಮ್ಮಿ ಅದು ಖೋಟಾ ಎಂದು ತೀರ್ಮಾನಿಸಿದಂತೆ.

ಇಲ್ಲಿ ಇನ್ನೊಂದು ತಮಾಷೆಯ ಲೆಕ್ಕವಿದೆ. ಒಂದು ಸಣ್ಣ ಆ್ಯಪಿನಲ್ಲಿ 10,000 ಕನ್ನಡ ನೋಡುಗರಿದ್ದಾರೆ, ಪ್ರತಿಯೊಬ್ಬರೂ ದಿನಕ್ಕೆ 100 ವಿಡಿಯೊ ನೋಡುತ್ತಾರೆ ಎಂದು ಊಹಿಸಿಕೊಳ್ಳಿ. ಒಟ್ಟು 10 ಲಕ್ಷ ನೋಟ. ಅದರಲ್ಲಿ ಶೇ 5ನ್ನು ಹೊಸಬರಿಗೆ ಮೀಸಲಿಟ್ಟರೆ 50,000. ದಿನಕ್ಕೆ 1,000 ಹೊಸ ವಿಡಿಯೊ ಬಂದರೆ ಒಂದಕ್ಕೆ 50 ನೋಟ ಸಿಕ್ಕಿತು. 200 ವಿಡಿಯೊ ಮಾತ್ರ ಬಂದರೆ 250. ಅಂದರೆ ಆ್ಯಪಿನಲ್ಲಿ ಎಷ್ಟು ಕೋಟಿ ಜನರಿದ್ದಾರೆ ಎಂಬ ಜಾಹೀರಾತಿನ ಅಂಕಿಗಿಂತ, ನಿಮ್ಮ ಭಾಷೆಯಲ್ಲಿ, ನಿಮ್ಮ ವಿಷಯದಲ್ಲಿ ನೋಡುವವರಿಗೂ ಹಾಕುವವರಿಗೂ ಇರುವ ಅನುಪಾತ ಮುಖ್ಯ. 2011ರ ಜನಗಣತಿಯಲ್ಲಿ ಕನ್ನಡವನ್ನು ತಾಯ್ನುಡಿ ಎಂದು ಬರೆಸಿದವರು 4.37 ಕೋಟಿ. ದೊಡ್ಡ ವೇದಿಕೆಯಲ್ಲಿ ಆ ಜನರ ಗಮನಕ್ಕೆ ಕನ್ನಡ ವಿಡಿಯೊಗಳ ಜೊತೆ ಹಿಂದಿ, ತೆಲುಗು, ಇಂಗ್ಲಿಷಿನವೂ ಪೈಪೋಟಿ ಮಾಡುತ್ತವೆ. ಅಡಿಕೆ ಕೊಳೆರೋಗದ ಬಗ್ಗೆಯೋ ಹಳಗನ್ನಡದ ಬಗ್ಗೆಯೋ ವಿಡಿಯೊ ಮಾಡುವವರಿಗೆ ಚಿಕ್ಕ ಜಾಗವೇ ಅನುಕೂಲವಾಗುವುದುಂಟು. ಸಿನಿಮಾ ಹಾಡಿಗೆ ಕುಣಿಯುವವರಿಗೆ ಈ ಸಲಹೆ ಅನ್ವಯಿಸದು.

ಮೊದಲ ನೋಟಗಳು ಸಿಕ್ಕ ಮೇಲಾದರೂ ಯೋಗ್ಯತೆಗೆ ತಕ್ಕ ಫಲ ಸಿಗುತ್ತದೆಯೇ? ಮ್ಯಾಥ್ಯೂ ಸಾಲ್ಗಾನಿಕ್, ಪೀಟರ್ ಡಾಡ್ಸ್, ಡಂಕನ್ ವಾಟ್ಸ್ ಎಂಬ ಸಮಾಜವಿಜ್ಞಾನಿಗಳು 2006ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟಿಸಿದ ಪ್ರಯೋಗವನ್ನು ರೀಲ್ಸ್ ಮಾಡುವವರೆಲ್ಲ ಓದಬೇಕು. ಅವರು 14,341 ಜನರಿಗೆ ಹೆಸರು ಕೇಳದ ಬ್ಯಾಂಡ್‌ಗಳ 48 ಹಾಡು ಕೇಳಿಸಿದರು. ಕೆಲವರಿಗೆ ಹಾಡುಗಳ ಹೆಸರು ಮಾತ್ರ ಕಂಡಿತು. ಉಳಿದವರನ್ನು ಎಂಟು ಪ್ರತ್ಯೇಕ ‘ಲೋಕ’ಗಳಿಗೆ ಹಂಚಿ, ಆಯಾ ಲೋಕದಲ್ಲಿ ಯಾವ ಹಾಡು ಎಷ್ಟು ಸಲ ಡೌನ್‌ಲೋಡ್ ಆಗಿದೆ ಎಂದೂ ತೋರಿಸಿದರು. ಒಂದೇ ಹಾಡುಗಳು, ಒಂದೇ ಬಗೆಯ ಕೇಳುಗರು. ಆದರೂ ಎಂಟು ಲೋಕಗಳಲ್ಲಿ ಎಂಟು ಬೇರೆ ಬೇರೆ ಪಟ್ಟಿಗಳು ಹುಟ್ಟಿದವು. ಸ್ವತಂತ್ರವಾಗಿ ಕೇಳಿದವರ ಲೆಕ್ಕದಲ್ಲಿ 26ನೇ ಸ್ಥಾನದಲ್ಲಿದ್ದ ಒಂದು ಹಾಡು ಒಂದು ಲೋಕದಲ್ಲಿ ಮೊದಲನೆಯದಾಯಿತು, ಇನ್ನೊಂದರಲ್ಲಿ 40ನೆಯದು. ತೀರಾ ಒಳ್ಳೆಯವು ಮುಳುಗಿದ್ದು ಅಪರೂಪ, ತೀರಾ ಕಳಪೆಯವು ಮೇಲೆದ್ದದ್ದೂ ಅಪರೂಪ. ನಡುವಿನವುಗಳ ಗತಿ ಮಾತ್ರ ಅದೃಷ್ಟದ ಕೈಯಲ್ಲಿ. ನಮ್ಮಲ್ಲಿ ಬಹುತೇಕರು ಮಾಡುವ ವಿಡಿಯೊಗಳು ಆ ನಡುವಿನವೇ ಎಂದು ಬಿಡಿಸಿ ಹೇಳಬೇಕಾಗಿಲ್ಲ.

ಹಾಗಾಗಿ ಒಂದು ಕಡೆ ಮುಗ್ಗರಿಸಿದ ವಿಡಿಯೊವನ್ನು ಇನ್ನೊಂದು ಲೋಕದಲ್ಲಿ ಹಾಕಿ ನೋಡುವುದು ಮೂರ್ಖತನವಲ್ಲ, ಸಂಖ್ಯಾಶಾಸ್ತ್ರದ ದೃಷ್ಟಿಯಲ್ಲಿ ಜಾಣತನ. ಪರ್ಯಾಯ ವೇದಿಕೆಯ ನಿಜವಾದ ಉಪಯೋಗ ಹಳೆಯದನ್ನು ಬಿಡುವುದರಲ್ಲಿ ಇಲ್ಲ, ಎರಡನೇ ಪಗಡೆ ಎಸೆಯುವುದರಲ್ಲಿದೆ ಎಂದು ನನ್ನ ಎಣಿಕೆ. ಒಂದು ಎಚ್ಚರ ಮಾತ್ರ ಬೇಕು. ಬೇರೆ ಆ್ಯಪಿನ ಮುದ್ರೆ ಎದ್ದು ಕಾಣುವ ವಿಡಿಯೊಗಳನ್ನು ರೀಲ್ಸ್‌ನಲ್ಲಿ ಕಡಿಮೆ ಶಿಫಾರಸು ಮಾಡುವುದಾಗಿ ಇನ್‌ಸ್ಟಾಗ್ರಾಂ 2021ರಲ್ಲೇ ಹೇಳಿದೆ. ಮುದ್ರೆ ಬೀಳುವ ಮುಂಚಿನ ಮೂಲ ಫೈಲ್ ಕೈಯಲ್ಲಿರಬೇಕು.

ಗಮನವನ್ನು ಹಂಚುವ ರೀತಿಯಲ್ಲಿ ಆಯ್ಕೆಗಳಿವೆ ಎಂಬುದಕ್ಕೆ ಚೀನಾದಲ್ಲೇ ಉದಾಹರಣೆಯಿದೆ. ಟಿಕ್‌ಟಾಕ್‌ನ ಚೀನೀ ರೂಪವಾದ ಡೌಯಿನ್‌ಗೆ ಅಲ್ಲಿ ದೊಡ್ಡ ಪ್ರತಿಸ್ಪರ್ಧಿ ಕ್ವೈಶೋ. ಅದರ ಸ್ಥಾಪಕರಲ್ಲೊಬ್ಬರಾದ ಸು ಹುವಾ, ವೀಕ್ಷಣೆಗಳ ಹಂಚಿಕೆಯನ್ನು ಗಿನಿ ಸೂಚ್ಯಂಕದಿಂದ ಅಳೆದು ಅದು ಮಿತಿ ಮೀರದಂತೆ ನೋಡಿಕೊಳ್ಳುತ್ತೇವೆ ಎಂದು ಬರೆದಿದ್ದರು. ದೇಶದ ಆದಾಯದ ಅಸಮಾನತೆ ಅಳೆಯಲು ಬಳಸುವ ಅದೇ ಸೂಚ್ಯಂಕ: ಎಲ್ಲರಿಗೂ ಸಮನಾಗಿ ಸಿಕ್ಕರೆ 0, ಎಲ್ಲವೂ ಒಬ್ಬನ ಪಾಲಾದರೆ 1. ಹಳ್ಳಿಯ ಬಡಗಿ, ಲಾರಿ ಚಾಲಕರ ವಿಡಿಯೊಗಳಿಗೂ ಒಂದಿಷ್ಟು ನೋಡುಗರು ಸಿಗುವ ಜಾಗ ಎಂಬ ಹೆಸರು ಕ್ವೈಶೋಗೆ ಬಂದದ್ದು ಹೀಗೆ. ತನ್ನ ಗಿನಿ ಸೂಚ್ಯಂಕ ಎಷ್ಟು ಎಂದು ಪ್ರತಿ ವೇದಿಕೆಯೂ ವರ್ಷಕ್ಕೊಮ್ಮೆ ಪ್ರಕಟಿಸುವಂತಾದರೆ ಆಯ್ಕೆ ಎಷ್ಟು ಸಲೀಸಾಗುತ್ತಿತ್ತು!

ಈಗ ಪ್ರಕಟಿಸುವ ಅಂಕಿಗಳನ್ನು ಹೋಲಿಸಲಿಕ್ಕೇ ಬರುವುದಿಲ್ಲ. ‘ವ್ಯೂಸ್’ ಅನ್ನೇ ತೆಗೆದುಕೊಳ್ಳಿ. ಯೂಟ್ಯೂಬ್ 2025ರ ಮಾರ್ಚ್ 31ರಿಂದ ಶಾರ್ಟ್ಸ್ ಶುರುವಾದ ಕ್ಷಣವೇ ಒಂದು ವ್ಯೂ ಎಂದು ಎಣಿಸುತ್ತಿದೆ. ಅದೇ ವಿಡಿಯೊ ಮತ್ತೆ ಓಡಿದರೆ ಅದೂ ಲೆಕ್ಕಕ್ಕೆ ಸೇರುತ್ತದೆ. ಆದರೆ ದುಡ್ಡು ಕೊಡುವಾಗ ನೋಡುವುದು ಹಳೆಯ ಕ್ರಮದಲ್ಲಿ ಎಣಿಸಿದ, ನಿಜವಾಗಿ ನಿಂತು ನೋಡಿದವರ ಸಂಖ್ಯೆಯನ್ನು. ರಾತ್ರೋರಾತ್ರಿ ವ್ಯೂಸ್ ಏರಿತೆಂದು ಹಿಗ್ಗಿದವರ ಬ್ಯಾಂಕ್ ಖಾತೆ ಅಲುಗಲಿಲ್ಲ.

ದುಡ್ಡಿನ ಮಾತು ಬಂತಲ್ಲ. 2023ರ ಫೆಬ್ರುವರಿಯಿಂದ ಶಾರ್ಟ್ಸ್ ಜಾಹೀರಾತಿನ ಆದಾಯದಲ್ಲಿ ಪಾಲು ಸಿಗುತ್ತಿದೆ. ಶಾರ್ಟ್ಸ್ ಮೂಲಕವೇ ಪೂರ್ತಿ ಅರ್ಹತೆ ಪಡೆಯಲು 1,000 ಚಂದಾದಾರರು ಮತ್ತು 90 ದಿನದಲ್ಲಿ 1 ಕೋಟಿ ಶಾರ್ಟ್ಸ್ ವೀಕ್ಷಣೆ ಬೇಕು. ವಿಡಿಯೊಗಳ ನಡುವೆ ಬರುವ ಜಾಹೀರಾತಿನ ಹಣ ಒಂದು ನಿಧಿಗೆ ಸೇರಿ, ವೀಕ್ಷಣೆಗೆ ತಕ್ಕಂತೆ ಹಂಚಿ, ನಿಮ್ಮ ಪಾಲಿಗೆ ಬಂದದ್ದರಲ್ಲಿ ಶೇ 45 ನಿಮಗೆ. ಆದರೆ ನೀವು ಒಂದು ಹಾಡು ಬಳಸಿದ್ದರೆ ಆ ವೀಕ್ಷಣೆಗಳ ಹಣದಲ್ಲಿ ಅರ್ಧ ನಿಧಿಗೆ ಸೇರುವ ಮೊದಲೇ ಸಂಗೀತದ ಹಕ್ಕಿಗೆ ಹೋಗುತ್ತದೆ. ಹಾಡು ಇನ್ನೊಂದು ರೀತಿಯಲ್ಲೂ ಕೈಕೊಡಬಲ್ಲದು. 2024ರ ಫೆಬ್ರುವರಿಯಿಂದ ಮೇ ತಿಂಗಳವರೆಗೆ ಯೂನಿವರ್ಸಲ್ ಮ್ಯೂಸಿಕ್ ಮತ್ತು ಟಿಕ್‌ಟಾಕ್ ನಡುವೆ ಒಪ್ಪಂದ ಮುರಿದಿದ್ದಾಗ ಅಸಂಖ್ಯ ವಿಡಿಯೊಗಳು ಮೂಕವಾದವು. ಪರವಾನಗಿ ಇರುವುದು ವೇದಿಕೆಗೆ, ನಿಮಗಲ್ಲ. ಸ್ವಂತ ದನಿಯಲ್ಲಿ ಮಾತಾಡಿದ ವಿಡಿಯೊ ಎಲ್ಲಿಗೆ ಬೇಕಾದರೂ ನಡೆದುಕೊಂಡು ಹೋಗಬಲ್ಲದು.

ಹೊಸ ವೇದಿಕೆಗಳು ಯಾಕೆ ಉಸಿರು ಕಟ್ಟಿ ಬೀಳುತ್ತವೆ ಎಂಬುದಕ್ಕೆ ಭೌತಿಕ ಕಾರಣವೂ ಇದೆ. ಮೊಬೈಲಿನಲ್ಲಿ ನಿಲುವಾಗಿ ನೋಡುವ ಪೂರ್ಣ ಎಚ್‌ಡಿ ವಿಡಿಯೊದ ಒಂದು ಚಿತ್ರದಲ್ಲಿ 1080×1920, ಅಂದರೆ 20 ಲಕ್ಷಕ್ಕೂ ಹೆಚ್ಚು ಬಿಂದುಗಳು. ಪ್ರತಿ ಬಿಂದುವಿನ ಬಣ್ಣಕ್ಕೆ 3 ಬೈಟ್, ಸೆಕೆಂಡಿಗೆ 30 ಚಿತ್ರ. ಹಾಗೇ ಇಟ್ಟರೆ ಅರ್ಧ ನಿಮಿಷದ ವಿಡಿಯೊಗೆ 5.6 ಜಿಬಿ ಬೇಕು. ನಿಮ್ಮ ಮೊಬೈಲಿಗೆ ಬರುವಾಗ ಅದು ಏಳೆಂಟು ಎಂಬಿ ಇರುತ್ತದೆ. ಏಳುನೂರು ಪಟ್ಟು ಹಿಂಡುವ ಈ ಪವಾಡದ ಹಿಂದೆ ಬೆಂಗಳೂರಿನ ಒಬ್ಬರು ಇದ್ದಾರೆ. ಇಲ್ಲೇ 1940ರಲ್ಲಿ ಹುಟ್ಟಿ, ಯುವಿಸಿಇ ಕಾಲೇಜಿನಲ್ಲಿ 1961ರಲ್ಲಿ ಎಂಜಿನಿಯರಿಂಗ್ ಮುಗಿಸಿ ಅಮೆರಿಕಕ್ಕೆ ಹೋದ ನಾಸಿರ್ ಅಹ್ಮದ್ ಅವರು. ಚಿತ್ರವನ್ನು ಸಣ್ಣ ಚೌಕಗಳಾಗಿ ಒಡೆದು, ಪ್ರತಿ ಚೌಕವನ್ನು ನಿಧಾನಕ್ಕೆ ಮಾರ್ಪಡುವ ಅಲೆಗಳು ಮತ್ತು ಬೇಗ ಬೇಗ ಮಾರ್ಪಡುವ ಅಲೆಗಳ ಮೊತ್ತವಾಗಿ ಬರೆಯುವುದು ಅವರ ಉಪಾಯ. ಬೇಗ ಮಾರ್ಪಡುವ ನವುರು ವಿವರ ನಮ್ಮ ಕಣ್ಣಿಗೆ ಅಷ್ಟಾಗಿ ತಿಳಿಯುವುದಿಲ್ಲ; ಅದನ್ನು ಒರಟಾಗಿಸಿದರೆ ಬೇಕಾದಷ್ಟು ಜಾಗ ಉಳಿಯುತ್ತದೆ. 1972ರಲ್ಲಿ ಈ ಸಂಶೋಧನೆಗೆ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನದಲ್ಲಿ ಹಣ ಕೇಳಿದಾಗ ಸಿಗಲಿಲ್ಲ. ಅವರು ಬಿಡದೆ ತಮ್ಮ ವಿದ್ಯಾರ್ಥಿ ಟಿ. ನಟರಾಜನ್ ಮತ್ತು ಗೆಳೆಯ ಕೆ. ಆರ್. ರಾವ್ ಜೊತೆ ಸೇರಿ 1974ರ ಜನವರಿಯಲ್ಲಿ ಪ್ರಕಟಿಸಿದರು. ಜೆಪೆಗ್ ಚಿತ್ರದಿಂದ ಹಿಡಿದು ಇವತ್ತಿನ ರೀಲ್ಸ್‌ವರೆಗೆ ಆ ಗಣಿತ, ಇಲ್ಲವೇ ಅದರ ಸಮೀಪದ ರೂಪ, ಓಡುತ್ತಲೇ ಇದೆ. ಪಕ್ಕಪಕ್ಕದ ಚಿತ್ರಗಳಲ್ಲಿ ಬದಲಾದದ್ದನ್ನು ಮಾತ್ರ ಬರೆದಿಡುವ ಇನ್ನೊಂದು ತಂತ್ರ ಅದರ ಜೊತೆಗೂಡಿ ಉಳಿದ ಉಳಿತಾಯ ಮಾಡುತ್ತದೆ.

ಇಷ್ಟು ಹಿಂಡಿದರೂ ಖರ್ಚು ಕಡಿಮೆಯಲ್ಲ. ಪ್ರತಿ ವಿಡಿಯೊವನ್ನೂ ನೆಟ್‌ವರ್ಕ್‌ನ ವೇಗಕ್ಕೆ ತಕ್ಕಂತೆ ಹಲವು ಗಾತ್ರಗಳಲ್ಲಿ ಸಿದ್ಧಮಾಡಿ, ಊರೂರ ಹತ್ತಿರದ ಸರ್ವರುಗಳಲ್ಲಿ ಇಡಬೇಕು. ಬೆರಳು ಸರಿಸಿದ ಕ್ಷಣಕ್ಕೆ ಮುಂದಿನದು ಶುರುವಾಗಲಿ ಎಂದು ನೀವು ನೋಡದೆಯೂ ಹೋಗಬಹುದಾದ ಒಂದೆರಡು ವಿಡಿಯೊಗಳನ್ನು ಮುಂಚಿತವಾಗಿ ಕಳಿಸಿರಬೇಕು. ಸೆಕೆಂಡಿಗೆ 2 ಮೆಗಾಬಿಟ್ ಎಂದು ಹಿಡಿದರೂ ಒಬ್ಬ ನೋಡುಗನ ಒಂದು ಗಂಟೆಗೆ 900 ಎಂಬಿ. ಇದು ನಿಮ್ಮ ದಿನದ ಡೇಟಾ ಪ್ಯಾಕಿನ ಲೆಕ್ಕವೂ ಹೌದು, ಕಂಪನಿಯ ಬಿಲ್ಲಿನ ಲೆಕ್ಕವೂ ಹೌದು. ಜಾಹೀರಾತು ಹುಟ್ಟುವ ಮೊದಲೇ ಈ ಬಿಲ್ಲು ಹುಟ್ಟುತ್ತದೆ. 2022ರಲ್ಲಿ ಇನ್ನೊಂದು ಕಿರು ವಿಡಿಯೊ ವೇದಿಕೆ ಎಂಎಕ್ಸ್ ಟಕಾಟಕ್ ಮೋಜ್ ಕಂಪನಿಯ ತೆಕ್ಕೆಗೆ ಸೇರಿದ್ದರಲ್ಲಿ ಆಶ್ಚರ್ಯಪಡುವಂಥದ್ದೇನಿಲ್ಲ.

ಯಾರ ಒಡೆತನವೂ ಇಲ್ಲದ ವೇದಿಕೆ ಸಾಧ್ಯವೇ ಎಂಬ ಪ್ರಶ್ನೆ ಬಿಸಿಯಾದದ್ದು 2025ರ ಜನವರಿಯಲ್ಲಿ. 17ರಂದು ಅಮೆರಿಕದ ಸುಪ್ರೀಂ ಕೋರ್ಟ್ ಟಿಕ್‌ಟಾಕ್ ವಿರುದ್ಧದ ಕಾನೂನನ್ನು ಎತ್ತಿಹಿಡಿಯಿತು, 18ರ ರಾತ್ರಿ ಆ್ಯಪ್ ಅಲ್ಲಿ ಕತ್ತಲಾಯಿತು, ಮರುದಿನ ಮತ್ತೆ ಬಂತು. ಅದಕ್ಕೂ ಮುಂಚಿನ ವಾರದಲ್ಲಿ ಸಿಟ್ಟಿಗೆದ್ದ ಅಮೆರಿಕನ್ನರು ಗುಂಪುಗುಂಪಾಗಿ ಹೋಗಿ ಸೇರಿದ್ದು ಚೀನೀ ಭಾಷೆಯ ಶಿಯಾವೊಹೊಂಗ್‌ಶು ಎಂಬ ಆ್ಯಪಿಗೆ. ಬೆಕ್ಕಿನ ಫೋಟೊ ಕೊಟ್ಟು ತರಕಾರಿ ಬೆಲೆ ವಿಚಾರಿಸಿಕೊಂಡ ಆ ಕೆಲವು ದಿನಗಳು ಸೊಗಸಾಗಿದ್ದವು. ಭಾಷೆ ಬಾರದ ಊರಲ್ಲಿ ಎಷ್ಟು ದಿನ ಇರಲಾದೀತು?

ಅದರ ಆಸುಪಾಸಿನಲ್ಲಿ ಕೆಲವರ ಕಣ್ಣು ಬಿದ್ದದ್ದು ಲೂಪ್ಸ್ ಮತ್ತು ಸ್ಕೈಲೈಟ್ ಮೇಲೆ. ಲೂಪ್ಸ್ ‘ಫೆಡಿವರ್ಸ್’ ಬಳಗದ್ದು. ಬೇರೆ ಬೇರೆ ಜನ ನಡೆಸುವ ಸರ್ವರುಗಳು 2018ರಲ್ಲಿ ವೆಬ್‌ನ ಮಾನಕ ಸಂಸ್ಥೆ ಒಪ್ಪಿದ ಆಕ್ಟಿವಿಟಿಪಬ್ ಎಂಬ ನಿಯಮಾವಳಿಯ ಮೂಲಕ ಮಾತಾಡಿಕೊಳ್ಳುತ್ತವೆ, ಇಮೇಲ್ ಕಂಪನಿಗಳು ಮಾತಾಡಿಕೊಳ್ಳುವ ಹಾಗೆ. ಸ್ಕೈಲೈಟ್ ನಿಂತಿರುವುದು ಬ್ಲೂಸ್ಕೈ ರೂಪಿಸಿದ ನಿಯಮಾವಳಿಯ ಮೇಲೆ. ಅಲ್ಲಿ ನಿಮ್ಮ ಗುರುತು ಮತ್ತು ಹಿಂಬಾಲಕರ ಜಾಲ ಒಂದು ಆ್ಯಪಿಗೆ ಕಟ್ಟಿಹಾಕಿಲ್ಲ. ಫ್ರಾನ್ಸಿನ ಫ್ರಾಮಾಸಾಫ್ಟ್ ಸಂಘದ ಪಿಯರ್‌ಟ್ಯೂಬ್‌ನಲ್ಲಿ ಒಂದೇ ವಿಡಿಯೊ ನೋಡುತ್ತಿರುವವರು ಅದರ ತುಣುಕುಗಳನ್ನು ಪರಸ್ಪರ ಹಂಚಿಕೊಂಡು ಸರ್ವರಿನ ಹೊರೆ ಇಳಿಸುತ್ತಾರೆ. ಮೂರೂ ಬುದ್ಧಿವಂತ ವಿನ್ಯಾಸಗಳು. ಮೂರರಲ್ಲೂ ಕನ್ನಡದ ವಿಡಿಯೊ ಹುಡುಕುವವರು ಬಹಳ ಹೊತ್ತು ಹುಡುಕಬೇಕು.

ಇವುಗಳಿಗೂ ಒಂದು ಮಿತಿಯಿದೆ, ಅದು ಹಣದ್ದಲ್ಲ. ವಿಡಿಯೊವನ್ನು ಸಾಗಿಸಬಹುದು, ಹಿಂಬಾಲಕರ ಪಟ್ಟಿಯನ್ನೂ ಸಾಗಿಸಬಹುದು. ಆ ಸಂಖ್ಯೆಗಳ ಸಾಲನ್ನು ಸಾಗಿಸಲು ಬರುವುದಿಲ್ಲ. ಕಂಪನಿ ಧಾರಾಳವಾಗಿ ನಿಮ್ಮ ಸಾಲನ್ನು ಕೊಟ್ಟರೂ ಇನ್ನೊಂದು ಯಂತ್ರಕ್ಕೆ ಅದು ಅರ್ಥಹೀನ. ಯಾಕೆಂದರೆ ಅದರ ಪ್ರತಿ ಅಂಕಿಗೂ ಅರ್ಥ ಬಂದದ್ದು ಅದೇ ಯಂತ್ರದ ಉಳಿದ ಕೋಟ್ಯಂತರ ಸಾಲುಗಳ ಜೊತೆಗಿನ ಅಂತರದಿಂದ. ನಮ್ಮ ಕಾನೂನಿನಲ್ಲಂತೂ ಸಾಗಿಸುವ ಹಕ್ಕೇ ಇಲ್ಲ. 2019ರ ಡೇಟಾ ರಕ್ಷಣಾ ಮಸೂದೆಯಲ್ಲಿ ಇದ್ದ ಆ ಹಕ್ಕು 2023ರ ಕಾಯ್ದೆಯಲ್ಲಿ ಬಿದ್ದುಹೋಯಿತು. ಯುರೋಪಿನವರಿಗೆ ಅದು ಇದೆ. ಅಭಿರುಚಿ ಆಧರಿಸದ ಫೀಡನ್ನೂ ದೊಡ್ಡ ವೇದಿಕೆಗಳು ಅಲ್ಲಿ ಕೊಡಲೇಬೇಕು.

ನೋಡುಗರಿಗೆ ಇದರಲ್ಲಿ ಒಂದು ಸಮಾಧಾನವಿದೆ: ಹೊಸ ಯಂತ್ರಕ್ಕೆ ನಿಮ್ಮನ್ನು ಪರಿಚಯಿಸಲು ತಿಂಗಳು ಬೇಡ, ಗಂಟೆಗೆ 240 ತೀರ್ಪು ಬೀಳುತ್ತವಲ್ಲ. ಹಾಗೆ ಪರಿಚಯಿಸುವಾಗ ಗುಂಡಿಗಳನ್ನು ನೆಚ್ಚಬೇಡಿ. ಮೊಜಿಲ್ಲಾ ಪ್ರತಿಷ್ಠಾನ 2022ರಲ್ಲಿ 22,722 ಸ್ವಯಂಸೇವಕರ ಯೂಟ್ಯೂಬ್ ಬಳಕೆಯನ್ನು ಪರಿಶೀಲಿಸಿದಾಗ ‘ಆಸಕ್ತಿ ಇಲ್ಲ’ ಎಂಬ ಗುಂಡಿ ಬೇಡದ ಶಿಫಾರಸುಗಳಲ್ಲಿ ತಡೆದದ್ದು ಶೇ 11 ಮಾತ್ರ. ‘ಈ ಚಾನೆಲ್ ಬೇಡ’ ಎಂಬುದು ಶೇ 43. ಬೈಯುತ್ತಾ ಕೊನೆಯವರೆಗೆ ನೋಡುವ ಅಭ್ಯಾಸವಿದ್ದರೆ ಯಂತ್ರ ಬೈಗುಳ ಕೇಳಿಸಿಕೊಳ್ಳುವುದಿಲ್ಲ, ಸೆಕೆಂಡುಗಳನ್ನು ಎಣಿಸಿಕೊಳ್ಳುತ್ತದೆ. ಬೇಡವಾದದ್ದನ್ನು ಬೇಗ ತಳ್ಳುವುದೇ ಅದಕ್ಕೆ ತಿಳಿಯುವ ಭಾಷೆ.

ವಿಡಿಯೊ ಮಾಡುವವರಿಗೆ ವೈನ್‌ನ ಕಥೆ ನೆನಪಿರಲಿ. 6 ಸೆಕೆಂಡಿನ ವಿಡಿಯೊಗಳ ಆ ವೇದಿಕೆ 2013ರ ಜನವರಿಯಲ್ಲಿ ಶುರುವಾಗಿ 2017ರ ಜನವರಿಯಲ್ಲಿ ಮುಚ್ಚಿತು. ಅಲ್ಲಿನ ತಾರೆಯರಲ್ಲಿ ಯೂಟ್ಯೂಬ್‌ನಲ್ಲೂ ಒಂದು ಕಾಲು ಇಟ್ಟಿದ್ದವರು ದಾಟಿಕೊಂಡರು. ಟಿಕ್‌ಟಾಕ್ ನಿಂತ ರಾತ್ರಿ ನಮ್ಮ ಎಷ್ಟೋ ಹಳ್ಳಿಗಳ ಹುಡುಗ ಹುಡುಗಿಯರ ಹತ್ತಿರ ಅವರ ವಿಡಿಯೊಗಳ ಪ್ರತಿಯೇ ಇರಲಿಲ್ಲ. ನೀವು ಇರುವ ವೇದಿಕೆಯ ಸೆಟ್ಟಿಂಗ್ಸ್‌ಗೆ ಹೋಗಿ ನಿಮ್ಮ ಮಾಹಿತಿಯನ್ನು ಈಗಲೇ ಒಮ್ಮೆ ಡೌನ್‌ಲೋಡ್ ಮಾಡಿ, ತೆರೆದು ನೋಡಿ. ಇನ್‌ಸ್ಟಾಗ್ರಾಂ ಹಿಂಬಾಲಕರ ಹೆಸರುಗಳನ್ನಾದರೂ ಕೊಡುತ್ತದೆ. ಗೂಗಲ್ ಟೇಕ್‌ಔಟ್ ನಿಮ್ಮ ವಿಡಿಯೊಗಳನ್ನು ಕೊಡುತ್ತದೆ, ನೀವು ಯಾರಿಗೆ ಚಂದಾದಾರರು ಎಂದು ಹೇಳುತ್ತದೆ, ನಿಮಗೆ ಯಾರು ಚಂದಾದಾರರು ಎಂಬ ಪಟ್ಟಿ ಅದರಲ್ಲಿ ಇರುವುದಿಲ್ಲ. ಆ ಪಟ್ಟಿ ಬೇಕಿದ್ದವರು ಇಮೇಲ್ ವಿಳಾಸಗಳನ್ನು ತಾವೇ, ಕೇಳಿ, ಒಂದೊಂದಾಗಿ ಕೂಡಿಸಿಕೊಳ್ಳಬೇಕು.